ಎರಡು ಖೋಲಿಗೆ ಹಿಡಿಸುವಷ್ಟು

ಸೊಲ್ಲಾಪುರದ ನಮ್ಮ ಓಣಿಯಲ್ಲಿ ‘ನೀರು ಬಂತು’ ಎಂದು ಯಾರೂ ಹೇಳುವುದಿಲ್ಲ, ‘ನಳಾ ಬಂತು’ ಎನ್ನುತ್ತಾರೆ. ಬೀಗರು ಬಂದರು ಎನ್ನುವ ಧಾಟಿಯಲ್ಲೇ ಹೇಳುತ್ತಾರೆ. ಬೀಗರಾದರೂ ಫೋನು ಮಾಡಿ ಬರುತ್ತಾರೆ. ನಳಕ್ಕೆ ಆ ರೀತಿ ರಿವಾಜು ಇಲ್ಲ. ಕೆಲವು ದಿನಕ್ಕೊಮ್ಮೆ, ತನಗೆ ಮನಸ್ಸು ಬಂದ ಹೊತ್ತಿಗೆ ಬರುತ್ತದೆ. ಬಂದಾಗ ಮನೆಯಲ್ಲಿ ಒಬ್ಬರಾದರೂ ಇರಬೇಕು, ಇದ್ದವರ ಕೈಕಾಲು ಗಟ್ಟಿ ಇರಬೇಕು.

ಒಂದು ಬೆಳಿಗ್ಗೆ ನಾನು ಅಕ್ಕಲಕೋಟದ ಬಸ್ಸಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ನಳ ಬಂತು. ಅವ್ವ ಮೊಣಕಾಲು ಹಿಡಿದುಕೊಂಡು ಏಳಲು ನೋಡಿ ಮತ್ತೆ ಕೂತಳು. ನಾನು ಚೀಲ ಕೆಳಗಿಟ್ಟು, ಸೆರಗು ಸಿಕ್ಕಿಸಿ, ಪೈಪು ಹಚ್ಚಿ, ಪೀಪಾಯಿ, ಹಂಡೆ, ಕೊಡ ಒಂದೊಂದೇ ತುಂಬಿಸಿದೆ. ಎಲ್ಲ ತುಂಬುವಷ್ಟರಲ್ಲಿ ನನ್ನ ಬಸ್ಸು ಹೋಗಿತ್ತು, ಅದರ ನಂತರದ್ದೂ ಹೋಗಿತ್ತು. ಒದ್ದೆ ಸೀರೆಯಲ್ಲೇ ಕಟ್ಟೆಯ ಮೇಲೆ ಕೂತು ಕಚೇರಿಗೆ ಫೋನು ಮಾಡಿ ರಜೆ ಕೇಳಿದೆ.

ಅವ್ವ ಚಹಾ ತಂದುಕೊಟ್ಟಳು. “ನಿನ್ನ ಬಸ್ಸು, ನನ್ನ ನಳಾ, ಎರಡೂ ಒಂದ ಟೈಮಿಗೆ ಬರ್ತಾವ,” ಎಂದಳು. ಆಮೇಲೆ ತನ್ನ ಕಪ್ಪು ಖಾಲಿ ಮಾಡಿ ಕೆಳಗಿಟ್ಟು, “ನಾವ ಅಕ್ಕಲಕೋಟಕ್ಕ ಹೋಗಿ ಇರೂಣು,” ಎಂದಳು.

ನಾನು ನಕ್ಕೆ. ಅವಳು ನಗಲಿಲ್ಲ.

ಆ ಮನೆಯಲ್ಲಿ ಇದ್ದವರು ನಾವಿಬ್ಬರೇ. ನಾನು ಮದುವೆಯಾಗಲಿಲ್ಲ, ಅದು ಬೇರೆ ಕಥೆ, ಅಷ್ಟೇನೂ ದುಃಖದ ಕಥೆಯಲ್ಲ. ಅಪ್ಪ ಮೊದಲು ಒಂದು ಮಿಲ್ಲಿನ ಕಚೇರಿಯಲ್ಲಿದ್ದರು. ಮಿಲ್ಲು ಮುಚ್ಚಿದ ಮೇಲೆ ಟಾವೆಲ್ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರು ತೀರಿಕೊಂಡು ಬಹಳ ವರ್ಷಗಳಾದವು. ತಮ್ಮ ಪುಣೆಯಲ್ಲಿ ಒಂದು ಕಾರ್ಖಾನೆಯಲ್ಲಿದ್ದಾನೆ, ಹೆಂಡತಿ ಮಕ್ಕಳೊಡನೆ ಅಲ್ಲೇ ನೆಲೆಸಿದ್ದಾನೆ. ನಾನು ಒಂದು ಶಿಕ್ಷಣ ಸಂಸ್ಥೆಯ ಗುಮಾಸ್ತೆ. ಸಂಸ್ಥೆಯವರು ನನಗೆ ಬಡ್ತಿ ಕೊಟ್ಟು ಅಕ್ಕಲಕೋಟದ ಶಾಲೆಗೆ ಕಳಿಸಿದ್ದರಿಂದ ದಿನಾ ಹೋಗಿ ಬರುವ ಬಸ್ಸಿನ ಪಾಡು ಶುರುವಾಗಿತ್ತು.

ಅಕ್ಕಲಕೋಟದಲ್ಲಿ ಚಿಗವ್ವ ಇದ್ದಳು, ಅವ್ವನ ತಂಗಿ. ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು, ಗಂಡ ಇಲ್ಲ, ಮಕ್ಕಳಿಲ್ಲ, ಬಾಯಿ ಮಾತ್ರ ಬಹಳ ಇದೆ. ಅವಳು ಬಾಡಿಗೆಗಿದ್ದ ಮನೆಯ ಮೊದಲ ಮಾಳಿಗೆಯಲ್ಲಿ ಅವಳ ಖೋಲಿಗೆ ಹತ್ತಿಕೊಂಡೇ ಎರಡು ಖೋಲಿ ಖಾಲಿ ಬಿದ್ದಿದ್ದವು. ಮನೆಯವರದು ಸ್ವಂತ ಬೋರು, ಮೇಲೆ ನೀರಿನ ಟಾಕಿ. ನಳ ತಿರುವಿದರೆ ಯಾವ ಹೊತ್ತಿಗಾದರೂ ನೀರು. ಈ ಸುದ್ದಿಯನ್ನು ಚಿಗವ್ವ ಫೋನಿನಲ್ಲಿ ಒಂದು ವರ್ಷದಿಂದ ಹೇಳುತ್ತಲೇ ಇದ್ದಳಂತೆ. ಅವ್ವ ನನಗೆ ಹೇಳಿರಲಿಲ್ಲ. ಮನಸ್ಸಿನಲ್ಲೇ ಇಟ್ಟುಕೊಂಡು, ತಿರುವಿ ತಿರುವಿ ನೋಡಿ, ಆ ಬೆಳಿಗ್ಗೆ ಹೊರಗೆ ತೆಗೆದಿದ್ದಳು.

ಮುಂದಿನ ರವಿವಾರವೇ ಜಾಗ ನೋಡಲು ಹೋದೆವು. ಅವ್ವ ಗೋಡೆಗೆ ಮೊಳಕೈ ಹಚ್ಚಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಮೊಳ ಹಾಕುತ್ತ ಸರಿದಳು. ಚಿಗವ್ವ ಬಾಗಿಲಲ್ಲಿ ನಿಂತು, “ಅಕ್ಕಾ, ಟೇಪ್ ಕೊಡ್ಲೇನು?” ಎಂದು ಕೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಂಚ ಎಲ್ಲಿ, ಕಪಾಟು ಎಲ್ಲಿ, ದೇವರು ಎಲ್ಲಿ ಎಂದು ಕೈಯಿಂದಲೇ ತೋರಿಸಿದಳು. ಕೊನೆಗೆ ನಡುವೆ ನಿಂತು ಸೊಂಟದ ಮೇಲೆ ಕೈಯಿಟ್ಟು ನನಗೆ ಹೇಳಿದಳು: “ನಮ್ಮ ಮನ್ಯಾಗಿನ ಪಸಾರಾದಾಗ ಅರ್ಧಾನೂ ಇಲ್ಲಿ ಹಿಡಸಂಗಿಲ್ಲ. ಛಲೋ ಆತು.”

ಪಸಾರಾ ಎಂಬುದು ಮರಾಠಿಯಿಂದ ನಮ್ಮ ಮಾತಿಗೆ ಬಂದ ಶಬ್ದ. ಹರವಿ ಬಿದ್ದದ್ದೆಲ್ಲ ಪಸಾರಾ. ಸೊಲ್ಲಾಪುರದ ನಮ್ಮ ಮನೆ ದೊಡ್ಡದೇನಲ್ಲ. ಮೂರು ಸಣ್ಣ ಖೋಲಿ, ಹಿಂದೆ ಒಂದು ಅಂಗಳ, ಅಡುಗೆಮನೆಯ ಮೇಲೆ ಒಂದು ಅಟ್ಟ. ಆದರೆ ಯಾವ ವಸ್ತುವೂ ಆ ಮನೆಗೆ ಒಮ್ಮೆ ಬಂದರೆ ಹೊರಗೆ ಹೋದದ್ದು ನನಗೆ ನೆನಪಿಲ್ಲ. ಮದುವೆ ಮುಂಜಿಗಳಲ್ಲಿ ಆಯೇರಿ ಎಂದು ಉಡುಗೊರೆ ಬಂದ ಚಾದರ, ಟಾವೆಲ್, ಕುಪ್ಪಸದ ಖಣ, ಹೆಸರು ಕೊರೆಸಿದ ಸ್ಟೀಲಿನ ಭಾಂಡಿ, ಕೆಟ್ಟ ಮಿಕ್ಸರು, ಅದರ ಹಿಂದಿನ ಕೆಟ್ಟ ಮಿಕ್ಸರು, ತಮ್ಮನ ಕ್ರಿಕೆಟ್ ಬ್ಯಾಟು, ಅಪ್ಪನ ಸೈಕಲ್ಲು. ಇವೆಲ್ಲದರ ನಡುವೆ ಎಲ್ಲಿ ಕಾಲಿಟ್ಟರೂ ನೀರು. ಬಚ್ಚಲಲ್ಲಿ ಪೀಪಾಯಿ, ಅಡುಗೆಮನೆಯಲ್ಲಿ ತಾಮ್ರದ ಹಂಡೆಗಳು, ಅಂಗಳದಲ್ಲಿ ಮಣ್ಣಿನ ಹರವಿಗಳು, ಮಂಚದ ಕೆಳಗೆ ಕೂಡ ಮುಚ್ಚಳದ ಕೊಡಗಳು.

ಓಣಿಯ ತುದಿಯಲ್ಲಿ ಟಾವೆಲ್ ನೇಯುವ ಒಂದು ಮನೆತನ ಇದೆ. ಅವರ ಮಗನಿಗೆ ಆಗಷ್ಟೇ ಮದುವೆಯಾಗಿತ್ತು. ಒಂದೇ ಮನೆಯಲ್ಲಿ ಮಗ್ಗ, ಅಣ್ಣತಮ್ಮಂದಿರು, ಸೊಸೆಯಂದಿರು ಎಲ್ಲ ಹಿಡಿಸದೆ ಹೊಸ ಗಂಡ ಹೆಂಡತಿಗೆ ಜಾಗ ಹುಡುಕುತ್ತಿದ್ದರು. ನಮ್ಮ ಮನೆಯನ್ನು ಅವರಿಗೇ ಬಾಡಿಗೆಗೆ ಕೊಡುವುದೆಂದು ಅವ್ವ ಮಾತು ಕೊಟ್ಟಳು. ಸಂಕ್ರಾಂತಿ ಮುಗಿದ ಮೇಲೆ ಮನೆ ಖಾಲಿ ಮಾಡಬೇಕು.

ಅವ್ವ ಒಂದೇ ಒಂದು ಕಾಯಿದೆ ಮಾಡಿದಳು. “ಒಂದೊಂದ ಸಾಮಾನ ಕೈಯಾಗ ಹಿಡಿ. ಇದು ಯಾರಿಗಿ ಅಂತ ಹೇಳು. ಹೇಳಾಕ ಬರಲಿಲ್ಲ ಅಂದ್ರ ಅದು ಭಂಗಾರದಾಂವಗ.”

ಭಂಗಾರದವನು ಎಂದರೆ ಗುಜರಿ ಸಾಮಾನು ಒಯ್ಯುವವನು. ಆ ಕಾಯಿದೆ ಕೇಳಲು ಸರಳವಾಗಿತ್ತು. ಮೊದಲ ದಿನ ನಾವು ಆಯೇರಿಯ ಟ್ರಂಕು ತೆರೆದೆವು. ಮೇಲಿನಿಂದ ಕೆಳಗಿನವರೆಗೆ ಬರೀ ಖಣ. ಯಾರದೋ ಮದುವೆಯಲ್ಲಿ ಬಂದದ್ದು, ಇನ್ನಾರದೋ ಮದುವೆಯಲ್ಲಿ ಕೊಡಲು ಇಟ್ಟದ್ದು. ಅವ್ವ ಒಂದು ಹಸಿರು ಖಣವನ್ನು ಬೆಳಕಿಗೆ ಹಿಡಿದು, ತಿರುವಿ ನೋಡಿ, ಜೋರಾಗಿ ನಗತೊಡಗಿದಳು.

“ಇದನ್ನ ನಾನ ನಿಮ್ಮ ಸೋದರತ್ತಿಗಿ ಕೊಟ್ಟಿದ್ದೆ. ಅಂಚಿಗೆ ಎಣ್ಣೀ ಕಲಿ ಇತ್ತು, ನೋಡಿಲ್ಲಿ. ಎಲ್ಲೆಲ್ಲಿ ತಿರಿಗ್ಯಾಡಿ ಮತ್ತ ನಮ್ಮ ಮನಿಗೇ ಬಂದದ!”

ಹತ್ತಾರು ಮನೆ ದಾಟಿ ಬಂದರೂ ಯಾರೂ ಹೊಲಿಸಿಕೊಳ್ಳದ ಖಣ. ಅವ್ವ ಅದನ್ನು ಅಂದೇ ಹೊಲಿಸಲು ಕೊಟ್ಟಳು, ತನಗೇ. ಉಳಿದವುಗಳನ್ನು ಓಣಿಯ ಬೀಡಿ ಕಟ್ಟುವ ಹೆಂಗಸರನ್ನು ಕರೆದು ಮುಂದಿಟ್ಟಳು; ಅವರು ಆರಿಸುತ್ತ, ಒಬ್ಬರ ಕೈಯಿಂದ ಒಬ್ಬರು ಕಸಿಯುತ್ತ, ಒಂದು ಮಧ್ಯಾಹ್ನವಿಡೀ ನಮ್ಮ ಕಟ್ಟೆಯ ಮೇಲೆ ಜಾತ್ರೆ ಮಾಡಿದರು. ಚಾದರಗಳಲ್ಲಿ ಹಾಸಲು ಹೊದೆಯಲು ಬೇಕಾದಷ್ಟು ಇಟ್ಟುಕೊಂಡು ಉಳಿದದ್ದು ಒಂದು ಅನಾಥಾಶ್ರಮಕ್ಕೆ ಹೋಯಿತು.

ಅಪ್ಪನ ಸೈಕಲ್ಲಿನ ಎದುರು ನಾನು ನಿಂತುಬಿಟ್ಟೆ. ಅವ್ವ ಅಲ್ಲಾದರೂ ಕಣ್ಣೀರು ಹಾಕುತ್ತಾಳೆ ಎಂದುಕೊಂಡಿದ್ದೆ. ಅವಳು ಸೀಟಿನ ಮೇಲಿನ ಧೂಳು ಒರೆಸಿ, “ತುಕ್ಕ ಹಿಡದದ. ಅವರು ನೋಡಿದ್ರ ಎಷ್ಟ ಸಿಟ್ಟ ಮಾಡ್ತಿದ್ರು,” ಎಂದಳು. ಹನುಮಂತ ದೇವರ ಗುಡಿಯ ಪೂಜಾರಿಯನ್ನು ಕರೆಸಿ ಕೊಟ್ಟಳು. ಆತ ಅದಕ್ಕೆ ಎಣ್ಣೆ ಹಾಕಿಸಿ, ಗಾಲಿ ತಿದ್ದಿಸಿ, ಮೂರನೆಯ ದಿನ ಗಂಟೆ ಬಾರಿಸುತ್ತ ಓಣಿಯಲ್ಲಿ ಹಾದುಹೋದ. ಅಪ್ಪನ ಸೈಕಲ್ಲಿನ ಗಂಟೆಯ ಸದ್ದು ನಾನು ಕೇಳಿ ಎಷ್ಟೋ ವರ್ಷವಾಗಿತ್ತು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಒಂದು ಗಳಿಗೆ ಕಿವಿಗೊಟ್ಟಳು. ಮತ್ತೆ ಬಡಿಯತೊಡಗಿದಳು.

ಹಳೆಯ ಸೀರೆ ಬಟ್ಟೆಯ ಗಂಟು ಉಳಿದಿತ್ತು. ಹಳೆ ಬಟ್ಟೆಗೆ ಬದಲಾಗಿ ಸ್ಟೀಲಿನ ಭಾಂಡಿ ಕೊಡುವ ಹೆಂಗಸೊಬ್ಬಳು ನಮ್ಮ ಓಣಿಗೆ ಬರುತ್ತಾಳೆ. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಹೊಳೆಯುವ ಪಾತ್ರೆ. ಅರ್ಧ ಮರಾಠಿ, ಅರ್ಧ ಕನ್ನಡ ಮಾತು. ಅವ್ವ ಅವಳನ್ನು ಕರೆದು ಗಂಟು ಮುಂದೆ ಹಾಕಿದಳು.

ಅವಳು ಸೀರೆ ಬಿಚ್ಚಿ, ಬಿಸಿಲಿಗೆ ಹಿಡಿದು, ಹರಿದದ್ದು ಹುಡುಕಿ, ಮೂಗು ಮುರಿದು ರೂಢಿಯಂತೆ ಚೌಕಾಸಿಗೆ ಕೂತಳು. “ಇಷ್ಟಕ್ಕ ಒಂದ ಪಾತೇಲಿ ಬರ್ತದ್ರಿ ಆಜಿ. ಸಣ್ಣದು.”

“ನನಗ ಪಾತೇಲಿ ಬ್ಯಾಡ,” ಎಂದಳು ಅವ್ವ.

“ಹಂಗಾದ್ರ ಡಬ್ಬಿ ತಗೋರಿ. ಮುಚ್ಚಳ ಇದ್ದದ್ದು.”

“ಡಬ್ಬೀನೂ ಬ್ಯಾಡ. ಹಂಗs ಒಯ್ಯಿ.”

ಆಕೆ ಸೀರೆ ಕೆಳಗಿಟ್ಟಳು. ಅವ್ವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಇಷ್ಟು ವರ್ಷ ಒಂದು ಚಮಚಕ್ಕೆ ಅರ್ಧ ತಾಸು ಜಗಳಾಡುತ್ತಿದ್ದ ಮುದುಕಿ ಇವಳೇ ಹೌದೋ ಅಲ್ಲವೋ ಎಂಬ ಸಂಶಯ. “ಮನ್ಯಾಗ ಯಾರಿಗಾದ್ರೂ ಆರಾಮ ಇಲ್ಲೇನ್ರಿ?” ಎಂದು ಮೆಲ್ಲಗೆ ಕೇಳಿದಳು.

ಅವ್ವನಿಗೆ ನಗು ತಡೆಯಲಿಲ್ಲ. ಊರು ಬಿಡುತ್ತಿದ್ದೇವೆ, ಸಣ್ಣ ಜಾಗಕ್ಕೆ ಹೋಗುತ್ತಿದ್ದೇವೆ ಎಂದು ತಿಳಿಸಿ ಹೇಳಿದಳು. ಆದರೂ ಆಕೆ ಸುಮ್ಮನೆ ಒಯ್ಯಲು ಒಪ್ಪಲಿಲ್ಲ. “ಫುಕಟ್ ತಗೊಂಡ್ರ ನನ್ನ ಧಂದೇಕ ಛಲೋ ಅಲ್ರಿ,” ಎಂದು ಬುಟ್ಟಿಯೆಲ್ಲ ಜಾಲಾಡಿ, ಎಲ್ಲಕ್ಕಿಂತ ಸಣ್ಣ ವಸ್ತು ಹುಡುಕಿ, ಒಂದು ಚಹಾ ಸೋಸುವ ಜಾಳಿಗೆ ಅವ್ವನ ಕೈಯಲ್ಲಿಟ್ಟಳು. ಹೋಗುವಾಗ ಅವ್ವನ ಕಾಲು ಮುಟ್ಟಿದಳು. ಓಣಿ ತಿರುಗುವವರೆಗೂ ಎರಡು ಸಲ ಹಿಂದಿರುಗಿ ನೋಡಿದಳು.

ನನ್ನ ಸರದಿ ಬಂತು. ನನ್ನ ಕಪಾಟಿನ ಮೇಲೆ ಒಂದು ಹಾರ್ಮೋನಿಯಂ ಇತ್ತು. ಮೂವತ್ತರ ಹೊತ್ತಿಗೆ ನನ್ನ ಸಂಬಳದಲ್ಲೇ ಕೊಂಡದ್ದು. ಒಂದಷ್ಟು ದಿನ ಕಲಿಯಲು ಹೋದೆ, ಆಮೇಲೆ ಅಪ್ಪನ ಆಸ್ಪತ್ರೆ, ತಮ್ಮನ ಮದುವೆ, ಕಚೇರಿ. ಅದು ಮೇಲೇರಿದ್ದು ಕೆಳಗೆ ಇಳಿಯಲೇ ಇಲ್ಲ. ಅವ್ವ ಸ್ಟೂಲಿನ ಕಾಲು ಹಿಡಿದಿದ್ದಳು, ನಾನು ಹತ್ತಿ ಇಳಿಸಿದೆ. ಧೂಳು ಒರೆಸಿದೆ.

“ಯಾರಿಗಿ?” ಎಂದಳು ಅವ್ವ.

ತಮ್ಮನ ಮಗಳಿಗೆ ಎಂದೆ. “ಆಕಿ ಗಿಟಾರ್ ಕಲಿಯಾಕತ್ಯಾಳ,” ಎಂದಳು. ಶಾಲೆಗೆ ಎಂದೆ. “ಸಾಲ್ಯಾಗ ಅದಾವ ಅಂತ ನೀನ ಹೇಳಿದ್ದಿ.” ಮತ್ತಾರ ಹೆಸರೂ ಹೊಳೆಯದೆ, “ಹಂಗಾದ್ರ ಭಂಗಾರದಾಂವಗ,” ಎಂದೆ. ಆಗಲೇ ಒರೆಸಿದ್ದನ್ನೇ ಬಟ್ಟೆಯಿಂದ ಮತ್ತೆ ಒರೆಸತೊಡಗಿದೆ.

ಅವ್ವ ಸ್ಟೂಲು ಬಿಟ್ಟು ನೆಟ್ಟಗೆ ನಿಂತಳು. “ನನಗ ಅನ್ನಾಕ ಯಾಕ ನಾಚಿಕಿ ನಿನಗ? ಹಸರ ಖಣ ನಾ ನನಗ ಅನ್ನಲಿಲ್ಲೇನು?”

ಐವತ್ತು ದಾಟಿದ ಹೆಂಗಸು ನಾನು. ಬಟ್ಟೆ ಹಿಡಿದುಕೊಂಡು ಕೂಸಿನ ಹಾಗೆ ನಿಂತು, “ನನಗ,” ಎಂದೆ. ಹಾರ್ಮೋನಿಯಂ ಒಯ್ಯುವ ಸಾಮಾನಿನ ಸಾಲಿಗೆ ಹೋಯಿತು.

ತಮ್ಮನಿಗೆ ಅವ್ವ ಫೋನಿನಲ್ಲೇ ಹೇಳಿದ್ದಳು: “ನಿನ್ನ ಸಾಮಾನ ಬಂದು ಒಯ್ಯಿ. ಇಲ್ಲಂದ್ರ ನಾ ಕೊಟ್ಟ ಬಿಡ್ತೀನಿ.” ಅವನು ಶನಿವಾರದ ರೈಲಿಗೆ ಬಂದ. ಬಾಗಿಲಲ್ಲಿ ಕಾಲಿಟ್ಟವನೇ ಅರ್ಧ ಖಾಲಿಯಾದ ನಡುಮನೆ ನೋಡಿ ಚಪ್ಪಲಿ ಬಿಡುವುದನ್ನೂ ಮರೆತು ನಿಂತ. ಗೋಡೆಯ ಮೇಲೆ ಫೋಟೊ ಇದ್ದಲ್ಲಿ ಬಿಳಿ ಚೌಕಗಳು ಉಳಿದಿದ್ದವು.

ಊಟದ ಹೊತ್ತಿಗೆ ಸಿಟ್ಟು ಹೊರಬಿತ್ತು. “ನನ್ನ ಕೇಳದs ಎಲ್ಲಾ ಮಾಡೀರಿ. ನನ್ನ ಮಕ್ಕಳು ಬ್ಯಾಸಗಿ ಸೂಟಿಗಿ ಎಲ್ಲಿಗಿ ಬರಬೇಕು? ಆ ಎರಡ ಖೋಲ್ಯಾಗ ಎಲ್ಲಿ ಮಲಗಬೇಕು? ಇದು ನಮ್ಮ ಮನಿ ಅವ್ವಾ!”

ಅವ್ವ ಅವನ ತಾಟಿಗೆ ಶೇಂಗಾ ಹಿಂಡಿ ಬಡಿಸುತ್ತ ಹೇಳಿದಳು, “ಮನಿ ನಿಮ್ಮದs. ಕಸಾ ಹೊಡಿಯಾಕಿ ನಾನು.”

ಅವನು ಊಟ ಬಿಟ್ಟು ಏಳಲಿಲ್ಲ. ಉಂಡು ಕೈತೊಳೆದು ಏಣಿ ಹಾಕಿ ಅಟ್ಟ ಏರಿದ. ತನ್ನ ಬ್ಯಾಟು, ಶಾಲೆಯ ಪುಸ್ತಕದ ಗಂಟು, ಒಂದು ಮುರಿದ ಕೇರಂ ಬೋರ್ಡು ಎಲ್ಲವನ್ನೂ ಸಿಟ್ಟಿನಿಂದಲೇ ಕೆಳಗೆ ಕೊಡತೊಡಗಿದ. ಕೊಡುತ್ತ ಕೊಡುತ್ತ ಸಿಟ್ಟು ಎಲ್ಲೋ ಇಳಿದಿತ್ತು. ಕೇರಂ ಬೋರ್ಡಿನ ಧೂಳು ಊದಿ ಯಾವುದೋ ಆಟ ನೆನೆದು ಒಬ್ಬನೇ ನಕ್ಕದ್ದು ನನಗೆ ಕೇಳಿಸಿತು. ಇಳಿದು ಬಂದು ಸೊಂಟ ಸೆಟೆದು ನಿಂತು, ಸುತ್ತ ನೋಡಿ, “ಇವು ಯಾವಾಗ ಹೋಗ್ತಾವ?” ಎಂದು ಪೀಪಾಯಿಗಳ ಕಡೆ ಬೆರಳು ಮಾಡಿದ.

ಅವ್ವ ಹೇಳಿದಳು, “ಅವು ನನ್ನ ಕೂಡ ಬರ್ತಾವ.”

ನಾನು ಬೆಚ್ಚಿದೆ. ಅಷ್ಟೂ ದಿನ ನಾವು ನೀರಿನ ಭಾಂಡಿಗಳ ಮಾತೇ ಎತ್ತಿರಲಿಲ್ಲ. ಅವು ಬರುವುದಿಲ್ಲ ಎಂದು ನಾನು, ಬರುತ್ತವೆ ಎಂದು ಅವಳು, ಇಬ್ಬರೂ ತಮ್ಮ ಪಾಡಿಗೆ ತಿಳಿದುಕೊಂಡಿದ್ದೆವು.

“ಅವ್ವಾ, ಅಲ್ಲಿ ಟಾಕಿ ಅದ,” ಎಂದೆ. “ಬೋರ್ ಅದ. ನೀನ ನಳಾ ತಿರುವಿ ನೋಡಿದಿ.”

“ಬೋರು ಬತ್ತಂಗಿಲ್ಲೇನು? ಮೋಟರ್ ಸುಡಂಗಿಲ್ಲೇನು?”

“ಒಂದ ಹಂಡೆ ಒಯ್ಯಿ. ಎರಡ ಕೊಡ ಒಯ್ಯಿ. ಇಷ್ಟೆಲ್ಲಾ ಒಯ್ದ್ರ ನಾವ ಎಲ್ಲಿ ಇರಬೇಕು?”

“ನಾ ಇರಂಗಿಲ್ಲ ಹಂಗಾದ್ರ,” ಎಂದಳು ಅವ್ವ. “ನೀರಿಲ್ಲದ ಮನ್ಯಾಗ ನಾ ಇರಂಗಿಲ್ಲ. ನೀ ಒಬ್ಬಾಕಿ ಹೋಗು.”

ತಮ್ಮ ಏನೋ ಹೇಳಲು ಬಾಯಿ ತೆರೆದ. ಅವ್ವ ಅವನ ಕಡೆ ತಿರುಗಿದಳು. ಅವಳ ದನಿ ಏರಲಿಲ್ಲ, ಕೆಳಗಿಳಿಯಿತು.

“ನೀ ಆವಾಗ ತೊಟ್ಟಲದಾಗಿದ್ದಿ. ಜುಲಾಬ ಹಿಡದಿತ್ತು ನಿನಗ. ನೀರ ಕಾಸಿ ಉಪ್ಪು ಸಕ್ಕರಿ ಹಾಕಿ ಕುಡಸಿ ಕುಡಸಿ ಉಳಸ್ರಿ ಅಂತ ಡಾಕ್ಟರು ಹೇಳಿದ್ರು. ಬ್ಯಾಸಗಿ. ನಳಾ ಬಂದಿದ್ದಿಲ್ಲ. ಮನ್ಯಾಗ ಒಂದ ತಂಬಗಿ ನೀರ ಉಳದಿತ್ತು. ಈಕಿನ್ನ ಬಗಲಾಗ ಎತಗೊಂಡು ಓಣ್ಯಾಗ ಮನಿ ಮನಿಗಿ ಹೋದೆ. ಯಾರೂ ಕೆಟ್ಟವರಲ್ಲಪಾ, ಅವರವೂ ಖಾಲಿ ಇದ್ದವು. ಒಬ್ಬಾಕಿ ತನ್ನ ಕೊಡಾ ಬಗ್ಗಿಸಿ ತೋರಿಸಿದ್ಲು, ಸುಳ್ಳ ಹೇಳಾಕತ್ತೀನಿ ಅಂತ ತಿಳಕೊಂಡಾಳು ಅಂತ. ಸಂಜೀಕ ನಿಮ್ಮಪ್ಪ ಮಿಲ್ಲಿಂದ ಟಿಫಿನ್ ಡಬ್ಬ್ಯಾಗ ನೀರ ತುಂಬಕೊಂಡ ಬಂದ್ರು. ಮೂರೂ ಡಬ್ಬಿ ತುಂಬ. ದಾರಿಗುಂಟ ಚೆಲ್ಲಬಾರದಂತ ಸೈಕಲ್ ಹತ್ತದs ನಡಕೋತ ಬಂದಿದ್ರು.”

ಈ ಕಥೆಯನ್ನು ನಾನು ಮೊದಲ ಸಲ ಕೇಳುತ್ತಿದ್ದೆ. ಅವಳ ಬಗಲಲ್ಲಿ ನಾನೇ ಇದ್ದೆ, ಆದರೂ ನನಗೆ ಅದರ ಒಂದು ಚೂರೂ ನೆನಪಿಲ್ಲ.

“ಆವತ್ತ ಅಂದಕೊಂಡೆ,” ಎಂದಳು ಅವ್ವ, “ಈ ಮನ್ಯಾಗ ಇನ್ನ ಎಂದೂ ನೀರ ಕಡಿಮಿ ಆಗಬಾರದು ಅಂತ.”

ತಮ್ಮ ಎದ್ದುಹೋಗಿ ಹಂಡೆಯಿಂದ ಒಂದು ತಂಬಿಗೆ ನೀರು ಮೊಗೆದು ಕುಡಿದ. ಬೇರೇನು ಮಾಡಬೇಕೆಂದು ಅವನಿಗೂ ತಿಳಿದಿರಲಿಲ್ಲ. ಆಮೇಲೆ ಅವ್ವನ ಹತ್ತಿರ ಬಂದು ಕೂತು, “ಎಲ್ಲಾ ಒಯ್ಯೂಣು ಬಿಡು. ಟೆಂಪೋದಾಗ ಜಾಗಾ ಮಾಡೂಣು,” ಎಂದ. ನಾನೂ ತಲೆಯಾಡಿಸಿದೆ. ಎರಡು ಖೋಲಿಯಲ್ಲಿ ನಾವು ಪೀಪಾಯಿಗಳ ನಡುವೆ ಹೇಗೆ ಮಲಗುವುದೆಂದು ಯೋಚಿಸುತ್ತಲೇ ತಲೆಯಾಡಿಸಿದೆ.

ಮರುದಿನ ರವಿವಾರ. ಬೆಳಿಗ್ಗೆ ಮನೆ ನೋಡಲು ಟಾವೆಲ್ ನೇಯುವ ಮನೆತನದ ಹೊಸ ಸೊಸೆ ಬಂದಳು, ಅತ್ತೆಯನ್ನು ಕರೆದುಕೊಂಡು. ಮಂದ್ರೂಪದ ಕಡೆಯ ಹುಡುಗಿ. ಕೈಯಲ್ಲಿ ಇನ್ನೂ ಹಸಿರು ಬಳೆ ತುಂಬಿದ್ದವು. ಅತ್ತೆ ಬಾಗಿಲು, ಕಿಟಕಿ, ಗೋಡೆಯ ಬಿರುಕು ನೋಡುತ್ತಿದ್ದರೆ ಈ ಹುಡುಗಿ ನೇರ ಬಚ್ಚಲಿಗೆ ಹೋಗಿ ಪೀಪಾಯಿಗಳ ಮುಂದೆ ನಿಂತಳು. ಒಂದರ ಮುಚ್ಚಳ ಎತ್ತಿ ಒಳಗೆ ನೋಡಿದಳು.

“ಎಷ್ಟ ನೀರ ಇಟ್ಟೀರಿ ಆಯಿ!” ಎಂದಳು. “ನಮ್ಮ ತವರಮನ್ಯಾಗ ಬಾವಿ ಅದರಿ. ಇಲ್ಲಿ ಬಂದಾಗಿಂದ ನನಗ ಇದ ಒಂದ ಭಯ. ಮನ್ನಿ ನಳಾ ಬಂದಾಗ ನಾ ನಿದ್ದಿಗಣ್ಣಾಗಿದ್ದೆ, ತಿಳೀಲೇ ಇಲ್ಲ. ಅತ್ತಿ ಬೈದ್ರು. ನಳಾ ಬರೋದು ಮೊದಲs ಹೆಂಗ ತಿಳೀತದ್ರಿ?”

ಅತ್ತೆ ಹೊರಗಿನಿಂದಲೇ, “ಬೈದಿಲ್ಲವ್ವಾ, ಹೇಳೀನಿ ಅಷ್ಟ,” ಎಂದಳು. ಎಲ್ಲರೂ ನಕ್ಕರು.

ಅವ್ವ ಗೋಡೆ ಹಿಡಿದು ಎದ್ದಳು. ಹುಡುಗಿಯ ಕೈ ಹಿಡಿದು ಅಂಗಳದ ನಳದ ಹತ್ತಿರ ಕರೆದೊಯ್ದಳು. “ಇಲ್ಲಿ ಬಾ. ನೀರಿಗಿಂತ ಮೊದಲ ಗಾಳಿ ಬರ್ತದ. ಸುಸ್ಸ್ ಅಂತ ಸೀಟಿ ಹೊಡದಂಗ. ಅದಕ್ಕs ನಳಾ ಒಂದೀಟ ತೆರದs ಇಡಬೇಕು. ಆ ಸಪ್ಪಳಾಕ ಎದ್ದ ಬಿಡು. ಮೊದಲ ಬರೋ ನೀರ ಕೆಂಪ ಇರ್ತದ, ಅದು ಈ ಹರವಿಗಿ, ಅಂಗಳ ತೊಳ್ಯಾಕ. ತಿಳಿ ಆದ ಮ್ಯಾಲ ಹಂಡೇಕ, ಕುಡ್ಯಾಕ. ಪೀಪಾಯಿ ಕಟ್ಟಕಡೀಕ. ತಿಳೀತ?”

“ಪೀಪಾಯಿ ಕಡೀಕ,” ಎಂದಳು ಹುಡುಗಿ.

“ಹಳೀ ನೀರ ಚೆಲ್ಲಬ್ಯಾಡ. ಗಿಡಕ್ಕ ಹಾಕು. ಕರಿಬೇವಿನ ಗಿಡ ಅದ ಅಲ್ಲಿ.”

ಹುಡುಗಿ ಒಂದೊಂದನ್ನೂ ಮತ್ತೆ ಹೇಳಿ ಕಲಿಯುತ್ತಿದ್ದಳು. ಯಾವ ಕೊಡದ ತಳ ಸೋರುತ್ತದೆ, ಯಾವ ಹಂಡೆಗೆ ವರ್ಷಕ್ಕೊಮ್ಮೆ ಹುಣಸೆಹುಳಿ ಹಚ್ಚಬೇಕು, ಪೈಪು ಕಿತ್ತು ಹೋದರೆ ಯಾವ ಬಟ್ಟೆ ಸುತ್ತಬೇಕು, ಅವ್ವ ಎಲ್ಲ ಹೇಳಿದಳು. ಹೇಳುವಾಗ ಅವಳ ಮೊಣಕಾಲಿನ ನೋವು ಅವಳಿಗೇ ಮರೆತಂತಿತ್ತು. ಚಹಾ ಆರಿ ಹೋಯಿತು. ಹೊರಡುವ ಹೊತ್ತಿಗೆ ಹುಡುಗಿ ಹಿಂಜರಿಯುತ್ತ ಕೇಳಿದಳು, “ಇಷ್ಟ ಭಾಂಡಿ ನಾವು ಎಲ್ಲಿಂದ ತರೋದ್ರಿ ಆಯಿ? ಹಳೀವು ಎಲ್ಲಿ ಸಿಗ್ತಾವ?”

ಅವ್ವ ಬಚ್ಚಲ ಕಡೆ, ಅಡುಗೆಮನೆಯ ಕಡೆ ನೋಡಿದಳು. ನಾನೂ ತಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

“ಎಲ್ಲಿಂದೂ ತರಬ್ಯಾಡ,” ಎಂದಳು ಅವ್ವ. “ಇವು ಈ ಮನೀವು. ಇಲ್ಲೇ ಇರ್ಲಿ. ಒಂದ ಹಂಡೆ ನಾ ಒಯ್ತೀನಿ, ಸಣ್ಣದು.”

ಆ ಹುಡುಗಿ ಬಗ್ಗಿ ನಮಸ್ಕಾರ ಮಾಡಿದಳು. ಅವ್ವ ಅವಳ ಹಣೆಗೆ ಕುಂಕುಮ ಹಚ್ಚಿ, ಉಡಿಗೆ ಅಕ್ಕಿ ಹಾಕಿದಳು. ಖಣ ಹಾಕೋಣವೆಂದರೆ ಮನೆಯಲ್ಲಿ ಒಂದೂ ಉಳಿದಿರಲಿಲ್ಲ. ಟ್ರಂಕು ಬರಿದಾದದ್ದಕ್ಕೆ ಅವ್ವ ಮೊದಲ ಸಲ ಪಶ್ಚಾತ್ತಾಪ ಪಟ್ಟದ್ದು ಆಗಲೇ.

ಸಂಕ್ರಾಂತಿ ಕಳೆದು ಒಂದು ಗುರುವಾರ ಛೋಟಾ ಹಾಥಿ ಎನ್ನುವ ಸಣ್ಣ ಟೆಂಪೋ ತರಿಸಿದೆವು. ಅದರಲ್ಲೂ ಜಾಗ ಉಳಿಯಿತು. ಅವ್ವ ಮುಂದೆ ಡ್ರೈವರನ ಪಕ್ಕ ಕೂತಳು, ಹೊಲಿಸಿದ ಹಸಿರು ಕುಪ್ಪಸ ತೊಟ್ಟು. ತಮ್ಮ ಪುಣೆಯಿಂದ ಮತ್ತೆ ಬಂದಿದ್ದ. ನಾನೂ ಅವನೂ ಹಿಂದೆ ಸಾಮಾನಿನ ನಡುವೆ ಹಾರ್ಮೋನಿಯಂ ಹಿಡಿದುಕೊಂಡು ಕೂತೆವು. ದಾರಿಯ ಎರಡೂ ಕಡೆ ಜೋಳ ತೆನೆಗೆ ಬಂದಿತ್ತು. ತಮ್ಮ ಬಹಳ ಹೊತ್ತು ಹೊಲ ನೋಡುತ್ತಿದ್ದು, “ನನ್ನ ಮಕ್ಕಳು ಇನ್ನೂ ಹುರಡಾ ತಿಂದಿಲ್ಲ,” ಎಂದ. ಎಳೆಯ ಜೋಳದ ತೆನೆ ಸುಟ್ಟು ತಿನ್ನುವುದನ್ನು ನಮ್ಮಲ್ಲಿ ಹುರಡಾ ಎನ್ನುತ್ತಾರೆ.

ಅಕ್ಕಲಕೋಟದಲ್ಲಿ ಎಲ್ಲವೂ ಮೇಲೇರಿತು, ಮಂಚದ ಹೊರತು. ಮೆಟ್ಟಿಲ ತಿರುವಿನಲ್ಲಿ ಅದು ಸಿಕ್ಕಿಕೊಂಡಿತು. ಕಾಲು ಮೇಲೆ ಮಾಡಿದರು, ಅಡ್ಡ ಮಾಡಿದರು; ಡ್ರೈವರು ಬೆವರು ಒರೆಸಿಕೊಂಡು ಕೂತ. ಮೇಲೆ ಗ್ಯಾಲರಿಯಿಂದ ಚಿಗವ್ವ ಆಪರೇಷನ್ ಥಿಯೇಟರಿನಲ್ಲಿ ನಿಂತವಳಂತೆ ಹುಕುಂ ಕೊಡುತ್ತಿದ್ದಳು. “ಹಗ್ಗಾ ಕಟ್ಟಿ ಹೊರಗಿಂದ ಜಗ್ರಿ!”

ಮಂಚವನ್ನು ಹೊರಗೆ ತಂದು ಹಗ್ಗ ಕಟ್ಟಿ ಅರ್ಧ ಏರಿಸಿದೆವು, ಮುಂದೆ ಜಗ್ಗುವ ಕೈ ಸಾಲಲಿಲ್ಲ. ಗುರುವಾರವಾದ್ದರಿಂದ ಓಣಿಯಲ್ಲಿ ಊರಿನ ಸ್ವಾಮಿಗಳ ಮಠಕ್ಕೆ ಹೋಗುವ ಭಕ್ತರ ಸಾಲು. ಎಲ್ಲಿಂದಲೋ ಬಂದ ಒಂದು ಗುಂಪು ಕುತ್ತಿಗೆ ಎತ್ತಿ ಮಂಚ ನೋಡುತ್ತ ನಿಂತಿತು. ಅವರಲ್ಲೊಬ್ಬ ಹಿರಿಯ ತನ್ನ ಕೈಚೀಲವನ್ನು ಹೆಂಡತಿಯ ಕೈಗೆ ಕೊಟ್ಟು ತೋಳು ಏರಿಸಿ ಬಂದ. ಹಿಂದೆಯೇ ಉಳಿದವರೂ ಬಂದರು. ಕೆಳಗಿನಿಂದ ಅವರು ನೂಕಿದರು, ಮೇಲಿನಿಂದ ತಮ್ಮ ಮತ್ತು ಮನೆಯ ಯಜಮಾನರು ಜಗ್ಗಿದರು. ದೇವರ ಜಯಕಾರದೊಂದಿಗೆ ನಮ್ಮ ಮಂಚ ಗ್ಯಾಲರಿಯ ಕಟಾಂಜನ ದಾಟಿ ಒಳಗೆ ಬಂತು. ಚಿಗವ್ವ ಅಷ್ಟೂ ಜನಕ್ಕೆ ಬೆಲ್ಲ ಶೇಂಗಾ ಕೊಟ್ಟಳು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು; ನಕ್ಕು ಬಂದ ನೀರೋ ಅತ್ತು ಬಂದದ್ದೋ ನನಗೆ ತಿಳಿಯಲಿಲ್ಲ, ಕೇಳಲಿಲ್ಲ.

ಮೊದಲ ದಿನಗಳು ಸಲೀಸಾಗಿರಲಿಲ್ಲ. ಅವ್ವ ಆಗಾಗ ಎದ್ದುಹೋಗಿ ನಳ ತಿರುವಿ, ನೀರು ಬೀಳುವುದನ್ನು ನೋಡಿ, ಬಂದ್ ಮಾಡಿ ಬರುತ್ತಿದ್ದಳು. ಒಂದು ದಿನ ನಿಜವಾಗಿಯೂ ಮೋಟಾರು ಕೆಟ್ಟಿತು. ಅವ್ವ ನನ್ನ ಕಡೆ ‘ನಾ ಹೇಳಿರಲಿಲ್ಲವೇ’ ಎನ್ನುವಂತೆ ನೋಡಿದಳು. ಸಣ್ಣ ಹಂಡೆಯ ನೀರಿನಲ್ಲಿ ನಾವೂ, ಚಿಗವ್ವನೂ, ಕೆಳಗಿನ ಮನೆಯವರೂ ಚಹಾ ಅಡುಗೆ ಮಾಡಿಕೊಂಡೆವು. ಸಂಜೆಗೆ ಮೋಟಾರು ರಿಪೇರಿಯಾಯಿತು. ಅಂದಿನಿಂದ ಅವಳು ನಳ ತಿರುವಿ ನೋಡುವುದನ್ನು ಬಿಟ್ಟಳು. ಮೋಟಾರು ಕೆಟ್ಟರೂ ಒಂದು ದಿನ ಸಾಗುತ್ತದೆ ಎಂದು ಕಣ್ಣಾರೆ ಕಂಡದ್ದು, ನಾನು ಹೇಳಿದ ಸಮಾಧಾನಕ್ಕಿಂತ ಹೆಚ್ಚು ಕೆಲಸ ಮಾಡಿತ್ತು.

ಆಮೇಲೆ ಅವ್ವ ತಿರುಗಾಡತೊಡಗಿದಳು. ನಳದ ದಿನಗಳ ಕಾವಲಿನಲ್ಲಿ ಅವಳು ಎಷ್ಟು ಮದುವೆ, ಎಷ್ಟು ಸೀಮಂತ, ಎಷ್ಟು ತವರಿನ ಹಬ್ಬ ತಪ್ಪಿಸಿಕೊಂಡಿದ್ದಳೋ. ಈಗ ಚಿಗವ್ವನೊಡನೆ ಸಂತೆಗೆ, ಕೀರ್ತನೆಗೆ, ಹಳೆಯ ಗೆಳತಿಯರ ಮನೆಗೆ ಹೋಗುತ್ತಾಳೆ. ಚಿಗವ್ವ ಕಲಿಸಿದ ವ್ಯಾಯಾಮದಿಂದ ಮೊಣಕಾಲು ನೋವು ಕೂಡ ಮೊದಲಿಗಿಂತ ಕಡಿಮೆಯಾಗಿದೆ. ಬೇಸಿಗೆಯಲ್ಲಿ ತಮ್ಮ ತನ್ನ ಮಕ್ಕಳನ್ನು ಕರೆದುಕೊಂಡು ಬಂದ. ಖೋಲಿಯಲ್ಲಿ ಜಾಗ ಸಾಲಲಿಲ್ಲ, ನಿಜ. ಎಲ್ಲರೂ ಚಾದರ ಹೊತ್ತು ಮೇಲಿನ ಬಯಲು ಮಾಳಿಗೆಗೆ ಮಲಗಲು ಹೋದೆವು. ಪುಣೆಗೆ ಹೊರಡುವ ದಿನ ಮಕ್ಕಳು ಹೋಗಲು ಒಲ್ಲದೆ ಅತ್ತರು.

ಮೊನ್ನೆ ಶಾಲೆ ಬಿಟ್ಟು ನಡೆದುಕೊಂಡೇ ಮನೆಗೆ ಬಂದರೆ ಬಾಗಿಲಿಗೆ ಕೀಲಿ. ಕೆಳಗಿನ ಮನೆಯಾಕೆ ಕೀಲಿಕೈ ಕೊಡುತ್ತ, “ಇಬ್ಬರೂ ದುಧನಿಗಿ ಹೋಗ್ಯಾರ್ರಿ, ರೈಲಿಗಿ,” ಎಂದಳು. ದುಧನಿಯಲ್ಲಿ ಅವರಿಬ್ಬರ ದೊಡ್ಡಪ್ಪನ ಮಗಳಿದ್ದಾಳೆ. ನಾನು ರೊಟ್ಟಿ ಬಡಿದು, ಪುಂಡಿಪಲ್ಯ ಮಾಡಿ ಕಾದೆ. ದೀಪ ಹಚ್ಚುವ ಹೊತ್ತಿಗೆ ಮೆಟ್ಟಿಲ ಕೆಳಗಿನಿಂದಲೇ ಇಬ್ಬರ ವಾದ ಕೇಳಿಸಿತು. ರೈಲಿನಲ್ಲಿ ಯಾರಿಗೆ ಮೊದಲು ಕಿಟಕಿ ಸಿಕ್ಕಿತು ಎಂಬುದರ ಬಗ್ಗೆ.

ಅವ್ವ ಒಳಗೆ ಬಂದು ಕೂತು ಒಂದು ಪೆಟ್ಟಿಗೆ ತೆಗೆದಳು. ಹೊಸ ಚಪ್ಪಲಿ, ದಪ್ಪ ಅಟ್ಟೆಯವು.

“ಹಳೀವು ಎಲ್ಲಿ?” ಎಂದೆ.

“ಸವದು ಹೋದ್ವು. ಅಲ್ಲೇ ಅಂಗಡ್ಯಾಗ ಬಿಟ್ಟ ಬಂದೆ,” ಎಂದಳು. ಅದನ್ನು ಹೇಳುವಾಗ ಅವಳ ಮುಖದಲ್ಲಿ ಬಹುಮಾನ ಗೆದ್ದವರ ಕಳೆ ಇತ್ತು. ಕಾಲಿಗೆ ಹಾಕಿಕೊಂಡು ಖೋಲಿಯ ಈ ಗೋಡೆಯಿಂದ ಆ ಗೋಡೆಯವರೆಗೆ ನಡೆದಳು.

“ಅಕ್ಕಾ, ಮನ್ಯಾಗ ಚಪ್ಪಲಿ ಹಾಕ್ಕೊಂಡ ಅಡ್ಡಾಡಬಾರದು,” ಎಂದಳು ಚಿಗವ್ವ.

“ಇನ್ನೂ ಹೊಸಾವು ಅದಾವ, ಹೊಲಸ ಆಗಿಲ್ಲ,” ಎಂದಳು ಅವ್ವ. ಮತ್ತೊಂದು ಸುತ್ತು ಹಾಕಿ, ತಿರುಗಿ ನಿಂತು, “ಮುಂದಿನ ವಾರ ಎಲ್ಲಿಗಿ ಹೋಗೂಣು?” ಎಂದು ತಂಗಿಯನ್ನು ಕೇಳಿದಳು.

ಅವರು ಊರುಗಳ ಹೆಸರು ಹೇಳತೊಡಗಿದರು. ನಾನು ಮೂರು ತಾಟು ಹಾಕಿದೆ.